ಬಾಗಿಲಲ್ಲೇ ಕುಂಕುಮ ಹಿಡಿದ ದಿನ

ನನ್ನ ಮಗಳು ಉಳಿದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಕೊನೆಯವರೆಗೂ ಅಯ್ಯೋ ಪಾಪ ಅನ್ನುತ್ತಾ ಕೂರುತ್ತಾರೆ. ಆ ಅಯ್ಯೋ ಪಾಪ ಕೇಳಿ ಕೇಳಿ ನನಗೆ ಸಾಕಾಗಿದೆ.

ಎಂಬತ್ತರ ದಶಕದ ಮಾತು. ಬಸವೇಶ್ವರನಗರದಲ್ಲಿ ಎರಡು ಕೋಣೆಯ ಬಾಡಿಗೆ ಪೋರ್ಷನ್ ನಮ್ಮದು. ಏಳು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಔಷಧಿ ಕೊಟ್ಟಾಗಲೆಲ್ಲ ಅವಳ ಬಿಳಿ ರಕ್ತಕಣಗಳು ಇಳಿದುಹೋಗುತ್ತಿದ್ದವು. ಡಾಕ್ಟರು ನನ್ನನ್ನೂ ಗಂಡನನ್ನೂ ಕೂರಿಸಿಕೊಂಡು ಹೇಳಿದ್ದರು: "ಕಾಯಿಲೆಗಿಂತ ಮುಂಚೆ ಸೋಂಕೇ ಮಗೂನ ತಗೊಂಡು ಹೋಗಬಹುದು. ಯಾರನ್ನೂ ಹತ್ತಿರ ಬಿಡ್ಬೇಡಿ. ಹೊರಗಿನದು, ಬೇಯಿಸದೇ ಇರೋದು ಏನೂ ಕೊಡ್ಬೇಡಿ." ನಾನು ತಲೆಯಾಡಿಸಿದ್ದೆ.

ತಲೆಯಾಡಿಸುವುದು ಸುಲಭ. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ತಪ್ಪು, ಬಂದವರನ್ನು ಒಳಗೆ ಕರೆಯದಿದ್ದರೆ ಅದಕ್ಕಿಂತ ದೊಡ್ಡ ತಪ್ಪು. ಬಂದರು, ಸಾಲುಸಾಲಾಗಿ ಬಂದರು, ಮೂಸಂಬಿ ಚೀಲ ಹಿಡಿದುಕೊಂಡು. ಮಂಚದ ಮೇಲೇ ಕೂತು, ಅವಳ ಬೋಳು ತಲೆ ಸವರಿ, ಅವಳೆದುರಿಗೇ "ಡಾಕ್ಟ್ರು ಎಷ್ಟು ದಿನ ಅಂತಾರೆ?" ಎಂದು ಕೇಳಿದರು. ಅಂಥವರಿಗೆ ನಾನು ಕಾಫಿ ಮಾಡಿಕೊಟ್ಟೆ. ಕಾಫಿ! ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಗಂಡನ ಅಕ್ಕ ಕೆಂಗೇರಿಯಿಂದ ಬಸ್ಸಿನಲ್ಲಿ ಬಂದರು. ಜೋರು ನೆಗಡಿ. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಮಗುವಿಗೆ ಮುತ್ತಿಟ್ಟರು. ಆಮೇಲೆ ಸ್ಟೀಲ್ ಡಬ್ಬಿ ತೆಗೆದು, ಅಭಿಷೇಕದ ಪಂಚಾಮೃತ ಅಂತ ಎರಡು ಚಮಚ ಬಾಯಿಗೆ ಹಾಕಿದರು. ಮಗಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಹಿರಿಯರು, ಅದರ ಮೇಲೆ ದೇವರ ಪ್ರಸಾದ. ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಹಾಳು ದಾಕ್ಷಿಣ್ಯ! ಮೂರನೇ ದಿನ ಜ್ವರ ಏರಿತು. ಹದಿನೈದು ದಿನ ಆಸ್ಪತ್ರೆ. ಅದರಲ್ಲಿ ಎರಡು ದಿನ ಡಾಕ್ಟರು ನನಗೆ ಮುಖ ಕೊಟ್ಟು ಮಾತಾಡಲಿಲ್ಲ.

ಮನೆಗೆ ಕರೆತಂದ ವಾರಕ್ಕೆ ಅತ್ತಿಗೆ ಮತ್ತೆ ಬಂದರು, ಮತ್ತೆ ಪ್ರಸಾದ ಹಿಡಿದು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಳಗೆ ಬರ್ಬೇಡಿ ಅತ್ತಿಗೆ."

"ಏನೇ ಹಂಗಂದ್ರೆ? ನಾನೇನು ವಿಷ ತಂದಿದೀನಾ?"

"ನಿಮ್ಮ ನೆಗಡಿನೋ, ನಿಮ್ಮ ಪಂಚಾಮೃತಾನೋ, ಹೋದ ಸಲ ಮಗು ಸಾಯೋ ಹಾಗಾಯ್ತು. ಅವಳಿಗೆ ಅದು ವಿಷಾನೇ."

"ಏಯ್, ಅಕ್ಕನ ಹತ್ರ ಹಿಂಗಾ ಮಾತಾಡೋದು?" ಎಂದು ಒಳಗಿನಿಂದ ಗಂಡ ಗದರಿದರು. ನಾನು ತಿರುಗಲಿಲ್ಲ. ಓನರ್ ಮನೆಯವರು ಕಾಂಪೌಂಡಿಗೆ ಬಂದು ನಿಂತರು, ಪುಕ್ಕಟೆ ತಮಾಷೆ. ಮುತ್ತೈದೆಯನ್ನು ಹಾಗೇ ಕಳಿಸಬಾರದಲ್ಲ, ಕುಂಕುಮದ ಬಟ್ಟಲು ತಂದು ಬಾಗಿಲಲ್ಲೇ ಹಿಡಿದೆ. ಅತ್ತಿಗೆ ಹಚ್ಚಿಕೊಳ್ಳಲಿಲ್ಲ. ಅಳುತ್ತಾ ಗೇಟು ದಾಟಿದರು. ನನಗೆ ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಮಗಳು ಹುಷಾರಾದ ಮೇಲೆ ಇದೇ ಬಂಧುಗಳು ನನ್ನ ತಾಳ್ಮೆಯನ್ನು ಹೊಗಳಿದರು. ತಾಳ್ಮೆಯಂತೆ! ಅಷ್ಟು ದಿನ ನನ್ನನ್ನು ನಿಲ್ಲಿಸಿದ್ದು ಸಿಟ್ಟು. ಅದರಲ್ಲೂ ಒಂದು ಪಾಲು ಸಿಟ್ಟು ಯಾರ ಮೇಲೆ ಅನ್ನುವುದು ಅವರಿಗೆ ಗೊತ್ತಿಲ್ಲ.

ಆವತ್ತು ಅತ್ತಿಗೆ ಹೋದ ಮೇಲೆ ಬಾಗಿಲು ಹಾಕಿ ಚಿಲಕ ಜಡಿದೆ. ಮಗಳು ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಇವಳಾದರೂ ನನ್ನ ಕಡೆ ಇರುತ್ತಾಳೆ ಅಂದುಕೊಂಡು ಬಾಗಿಲ ಬಳಿಯೇ ಕೂತೆ. ಅವಳು ಮೆಲ್ಲಗೆ ಕೇಳಿದಳು:

"ಅಮ್ಮಾ, ಹೋದ ಸಲಾನೂ ಹೀಗೇ ಹೇಳಬಹುದಿತ್ತಲ್ಲಾ?"