ಟಕ್ ಅಂದರೆ ತಲುಪಿತು

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಒಬ್ಬ ಮನುಷ್ಯ ಮೊಣಕಾಲೂರಿ ಕೂತಿದ್ದಾರೆ. ಎದುರಿಗೆ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಹಳೆಯ ಕಂಪ್ಯೂಟರು. ಕುರ್ಚಿಯೇನೋ ಇದೆ, ಅದರ ಮೇಲೆ ಯಾರೋ ಬಿಟ್ಟುಹೋದ ಬಿಳಿ ಕೋಟಿದೆ. ಅದನ್ನೆತ್ತಿ ಪಕ್ಕಕ್ಕಿಡುವಷ್ಟೂ ಪುರುಸೊತ್ತಿಲ್ಲ. ಕಂಪ್ಯೂಟರಿನಲ್ಲಿ ಇವತ್ತಿನ ತಾರೀಖನ್ನೇ ಹೆಸರಾಗಿಟ್ಟು ಒಂದು ಖಾಲಿ ಹಾಳೆಯನ್ನು ಫೋಲ್ಡರಿಗೆ ಹಾಕುತ್ತಾರೆ. ಇಂಟರ್‌ಕಾಮನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಕಳಿಸ್ದೆ, ನೋಡು" ಅನ್ನುತ್ತಾರೆ.

ಆ ಕಡೆಯಿಂದ ಮಾತಿಲ್ಲ. ಫ್ರಿಜ್ಜು ಗೊರಗೊರ ಅನ್ನುತ್ತಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದಾರೆ.

ಟಕ್.

ಉಗುರಿನಿಂದ ರಿಸೀವರನ್ನು ಒಮ್ಮೆ ತಟ್ಟಿದ ಸದ್ದು, ಅಷ್ಟೇ. ತಕ್ಷಣ ಲೈನು ಕಟ್ಟಾಗುತ್ತದೆ. ಅವರು ಕಣ್ಣು ಬಿಟ್ಟು, ಜೇಬಿನ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕಿ, ಮಂಡಿಯ ಮೇಲೆ ಕೈಯೂರಿ ಏಳುತ್ತಾರೆ. "ಒಂದಾಯ್ತು. ಇನ್ನೆಂಟು."

ಇವರಿಗೆ ಈಗ ಐವತ್ತೊಂಬತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ವೈರಣ್ಣ ಅಂತ. ಹಾಜರಿ ಪುಸ್ತಕದಲ್ಲಿರುವ ಹೆಸರು ಸಂಬಳದ ಗುಮಾಸ್ತನಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ರೇಡಿಯೋ ರಿಪೇರಿಯ ಅಂಗಡಿಯಲ್ಲಿದ್ದವರು ಇಲ್ಲಿಗೆ ಬಂದದ್ದು ಟೆಲಿಫೋನ್ ತಂತಿ ಎಳೆಯಲು. ಕಂಪ್ಯೂಟರು ಬಂದಾಗ, "ಹೇಗೂ ತಂತಿ ಎಳೀತಿಯಲ್ಲ, ಇದನ್ನೂ ಎಳಿ" ಅಂದರು. ಎಳೆದರು. ಎಳೆದ ತಂತಿಯೊಳಗೆ ಏನು ಓಡುತ್ತದೆ ಅಂತ ತಿಳಿಯಲು ದಪ್ಪ ಪುಸ್ತಕಗಳನ್ನು ತಂದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಎರಡು ವರ್ಷ ಓದಿದರು. ಪದವಿ ಇಲ್ಲ. ಪದವಿ ಇರುವವರು ಮೇಲಿನ ಮಹಡಿಯಲ್ಲಿ ಮೀಟಿಂಗಿನಲ್ಲಿರುತ್ತಾರೆ.

ಆಸ್ಪತ್ರೆಯಲ್ಲಿ ಇನ್ನೂರ ಇಪ್ಪತ್ಮೂರು ಕಂಪ್ಯೂಟರುಗಳಿವೆ. ಇನ್ನೂರ ಹದಿನಾಲ್ಕು ಕಚೇರಿಯ ಡೊಮೈನಿನೊಳಗಿವೆ, ಅಂದರೆ ಒಂದೇ ಯಜಮಾನ ಸರ್ವರಿನ ಮಾತು ಕೇಳುವ ಕೂಡುಕುಟುಂಬ. ಉಳಿದ ಒಂಬತ್ತು ಹೊರಗಿನವು. ಸ್ಕ್ಯಾನಿಂಗ್ ಯಂತ್ರದ್ದು, ರಕ್ತ ಪರೀಕ್ಷೆಯದ್ದು, ಕಣ್ಣಿನ ವಿಭಾಗದ್ದು, ಹೀಗೆ. ಯಂತ್ರ ಮಾರಿದವರು ಜೊತೆಗೇ ಕೊಟ್ಟ ಕಂಪ್ಯೂಟರುಗಳು. ಡೊಮೈನಿಗೆ ಸೇರಿಸಿದರೆ ನಮ್ಮ ಜವಾಬ್ದಾರಿ ಅಲ್ಲ ಅಂತ ಅವರು ಬರೆದುಕೊಟ್ಟಿದ್ದಾರೆ. ಆದರೆ ರೋಗಿಯ ವರದಿ ಹುಟ್ಟುವುದು ಈ ಒಂಬತ್ತರಲ್ಲೇ, ದಿನಕ್ಕೆ ಮುನ್ನೂರಕ್ಕೂ ಹೆಚ್ಚು. ಡಾಕ್ಟರು ನೋಡುವುದು ಒಳಗಿನ ಕಂಪ್ಯೂಟರಿನಲ್ಲಿ. ನಡುವೆ ಇರುವುದು ಸರ್ವರಿನ ಒಂದು ಫೋಲ್ಡರು. ಹೊರಗಿನದಕ್ಕೆ ಆ ಫೋಲ್ಡರನ್ನು ತೆರೆದುಕೊಡುವುದೇ ವೈರಣ್ಣನ ಕೆಲಸ.

"ತೆಗೆಯೋದು ಸುಲಭ ಅನ್ಕೋಬೇಡಿ" ಅನ್ನುತ್ತಾರೆ, ಮೆಟ್ಟಿಲು ಹತ್ತುತ್ತಾ. "ಗೇಟಿಗೊಂದು ಬೀಗ, ಕೋಣೆಗೊಂದು ಬೀಗ. ಎರಡೂ ತೆಗೆದಿಟ್ರೆ ಕಳ್ಳನೂ ಒಳಗೆ ಬರ್ತಾನೆ. ಎರಡೂ ಬಿಗಿ ಮಾಡಿದ್ರೆ ಲ್ಯಾಬಿನವನೂ ಹೊರಗೇ ನಿಲ್ತಾನೆ. ಹೊರಗಿನ ಕಂಪ್ಯೂಟರು ಯಾರು ಅಂತ ಸರ್ವರಿಗೆ ಗೊತ್ತಿರಲ್ಲ. ಅದಕ್ಕೆ ಒಳಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ನಾವೇ ಮಾಡ್ಬೇಕು. ಅದನ್ನ ಆ ಕಂಪ್ಯೂಟರಿಗೆ ಒಂದ್ಸಲ ಹೇಳಿಕೊಡ್ಬೇಕು. ಅದು ಪಾಪ, ಗಿಣಿ ಥರ ಅದನ್ನೇ ಹೇಳ್ತಾ ಇರತ್ತೆ."

ಎರಡನೇ ಮಹಡಿಯಲ್ಲಿ ಸ್ಕ್ಯಾನಿಂಗ್. ಹಾಳೆ ಹಾಕುತ್ತಾರೆ, ಫೋನು ಎತ್ತುತ್ತಾರೆ, ಕಾಯುತ್ತಾರೆ. ಟಕ್. ಇನ್ನೊಂದು ಗೀಟು.

ಆ ಕಡೆ ಟಕ್ ಅನ್ನುವವರು ದಾಖಲೆ ಕೋಣೆಯಲ್ಲಿ ಕೂರುವ ಹೆಂಗಸು. ಹಾಳೆ ಬಂತಾ ಅಂತ ಡಾಕ್ಟರುಗಳು ನೋಡುವ ಅದೇ ಪರದೆಯಲ್ಲಿ ನೋಡಿ ತಟ್ಟುತ್ತಾರೆ. ಒಂದು ಸಲ ತಟ್ಟಿದರೆ ಬಂತು, ಎರಡು ಸಲ ತಟ್ಟಿದರೆ ಬಂದಿಲ್ಲ. ಅವರಿಗೆ ಮಾತಿಲ್ಲ. ಆರು ವರ್ಷದ ಹಿಂದೆ ಈ ಆಸ್ಪತ್ರೆಯಲ್ಲಿ ಅವರಷ್ಟು ದೊಡ್ಡ ಗಂಟಲು ಇನ್ನೊಬ್ಬರಿಗಿರಲಿಲ್ಲ.

ಹೊರರೋಗಿಗಳ ಬಾಗಿಲಲ್ಲಿ ನಿಂತು ಸರದಿಯಲ್ಲಿರುವವರ ಹೆಸರು ಕೂಗುವುದು ಅವರ ಕೆಲಸವಾಗಿತ್ತು. ಮೈಕಕ್ಕ ಅಂತಲೇ ಕರೆಯುತ್ತಿದ್ದರು, ಅವರು ಮೈಕು ಮುಟ್ಟಿದವರಲ್ಲ. ಇಲ್ಲಿ ಕೂಗಿದರೆ ವಾಹನ ನಿಲ್ಲಿಸುವ ಜಾಗದಲ್ಲಿ ತೂಕಡಿಸುತ್ತಿದ್ದವರು ಎದ್ದು ಬರುತ್ತಿದ್ದರು. ವೈರಣ್ಣನಿಗೆ ವೈರಣ್ಣ ಅಂತ ಹೆಸರಿಟ್ಟವರೂ ಅವರೇ. ಹತ್ತೂವರೆಗೆ ಸರಿಯಾಗಿ, "ವೈರಣ್ಣಾ, ಟೀ ಆರ್‍ತಾ ಇದೆ, ನಿನ್ನ ತಂತಿ ಓಡಿಹೋಗಲ್ಲ ಬಾ!" ಅಂತ ಇಡೀ ಓಣಿಗೆ ಕೇಳುವಂತೆ ಕರೆಯುತ್ತಿದ್ದರು. ದೊಡ್ಡ ಡಾಕ್ಟರು ಎಷ್ಟು ಸಲ ಗದರಿದರೂ ನಿಲ್ಲಿಸಲಿಲ್ಲ.

ಅವರ ದನಿ ಒಡೆಯಿತು. ನೆಗಡಿ ಅಂದುಕೊಂಡರು. ಎರಡು ತಿಂಗಳಾದರೂ ಸರಿಹೋಗದಿದ್ದಾಗ ಗಂಟಲಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಇದಕ್ಕೆ ಒಂದು ತಿಂಗಳ ಮುಂಚೆ ನೆಲಮಾಳಿಗೆಯ ಲ್ಯಾಬಿಗೆ ಆ ಕಂಪ್ಯೂಟರು ಬಂದಿತ್ತು. ವೈರಣ್ಣ ಅದಕ್ಕೆ ಸರ್ವರಿನಲ್ಲಿ ಹೆಸರು ಮಾಡಿದರು, ಪಾಸ್‌ವರ್ಡ್ ಕೊಟ್ಟರು, ಫೋಲ್ಡರು ತೆರೆದರು. ಹಾಗೆ ಹೆಸರು ಮಾಡುವಾಗ ಪರದೆಯಲ್ಲಿ ಒಂದು ಸಣ್ಣ ಚೌಕ ಇರುತ್ತದೆ, ಈ ಪಾಸ್‌ವರ್ಡಿಗೆ ಗಡುವು ಬೇಡ ಅಂತ. ಅದರಲ್ಲೊಂದು ಗುರುತು ಹಾಕಬೇಕು. ಅವತ್ತು ನಿರ್ದೇಶಕರ ಕೋಣೆಯ ಪ್ರಿಂಟರು ಕೆಟ್ಟಿತ್ತು. ಅವರ ಕಾರ್ಯದರ್ಶಿ ಐದು ನಿಮಿಷಕ್ಕೊಂದು ಸಲ ಫೋನು ಮಾಡುತ್ತಿದ್ದ. ವೈರಣ್ಣ ಕೆಲಸ ಮುಗಿಸಿ ಓಡಿದರು. ಗುರುತು ಹಾಕಲಿಲ್ಲ.

"ನಲವತ್ತೆರಡು ದಿನ" ಅನ್ನುತ್ತಾರೆ. ಈ ಸಂಖ್ಯೆ ಹೇಳುವಾಗ ಅವರ ದನಿ ಇಳಿಯುತ್ತದೆ. "ಪಾಸ್‌ವರ್ಡಿಗೆ ನಲವತ್ತೆರಡು ದಿನದ ಆಯಸ್ಸು. ಒಳಗಿನವು ಮನೆ ಮಕ್ಕಳು, ಅವಧಿ ಮುಗೀತು ಬದಲಾಯಿಸ್ಕೋ ಅಂತ ಸರ್ವರೇ ಕರೆದು ಹೇಳತ್ತೆ. ಹೊರಗಿನದಕ್ಕೆ ಹೇಳಲ್ಲ. ಮುಖದ ಮೇಲೆ ಬಾಗಿಲು ಹಾಕ್ಕೊಳತ್ತೆ."

ಬಾಗಿಲು ಹಾಕಿಕೊಂಡಿತು. ಲ್ಯಾಬಿನಲ್ಲಿ ವರದಿ ಕಳಿಸಲು ಒಂದು ಪ್ರೋಗ್ರಾಮ್ ಇತ್ತು. ಅದು ಕಳಿಸಲಾಗದ್ದನ್ನೆಲ್ಲ ತನ್ನಲ್ಲೇ ಬಚ್ಚಿಟ್ಟುಕೊಂಡು ತೆಪ್ಪಗೆ ಕೂತಿತು. ಲ್ಯಾಬಿನವರಿಗೆ ತಮ್ಮ ಪರದೆಯಲ್ಲಿ ಕೆಲಸ ಮುಗಿದಂತೆ ಕಂಡಿತು. ಡಾಕ್ಟರುಗಳಿಗೆ ವರದಿ ಇನ್ನೂ ಬಂದಿಲ್ಲ ಅಂತ ಕಂಡಿತು. ಮಾಮೂಲಿ ದಿನಗಳಲ್ಲೇ ಹತ್ತು ಹನ್ನೆರಡು ದಿನ ಆಗುತ್ತಿದ್ದುದರಿಂದ ಯಾರೂ ಗದ್ದಲ ಮಾಡಲಿಲ್ಲ. ತೀರಾ ತುರ್ತು ಅಂದವರು ನೆಲಮಾಳಿಗೆಗೆ ಹೋಗಿ ಕೈಯಲ್ಲೇ ಇಸಕೊಂಡರು. ಮೈಕಕ್ಕ ಹೋಗಲಿಲ್ಲ. ಒಳಗಿನವಳು ಅಂತ ಸಾಲು ಮುರಿದು ನುಗ್ಗಬಾರದು ಅನ್ನುವುದು ಅವರ ಹಟ. ಇಡೀ ದಿನ ಸಾಲು ನಿಲ್ಲಿಸುತ್ತಿದ್ದವರು ತಾನೇ!

ಕೇಳಿದ್ದು ವೈರಣ್ಣನನ್ನು. ಮೂರು ಸಲ ಕೇಳಿದರು.

ಮೊದಲ ಸಲ ಅವರು ಫೋಲ್ಡರು ತೆಗೆದು ನೋಡಿ, "ಬಂದಿಲ್ಲ. ನಿನ್ನ ಗಂಟಲು ಕೇಳಿ ಸೂಕ್ಷ್ಮದರ್ಶಕದ ಕಿವಿ ಹೋಗಿರ್‍ಬೇಕು" ಅಂದರು. ಎರಡನೇ ಸಲ, "ಲ್ಯಾಬಿನವರು ನಿದ್ದೆ ಮಾಡ್ತಿದಾರೆ, ನೀನೇ ಒಂದ್ಸಲ ಕೂಗು, ಎದ್ಬಿಡ್ತಾರೆ" ಅಂದರು. ಒಡೆದ ದನಿಯಲ್ಲೇ ಮೈಕಕ್ಕ ನಕ್ಕರು. ಮೂರನೇ ಸಲ ಕೇಳಿದಾಗ ಅವರ ಮುಖದಲ್ಲಿ ಹೆದರಿಕೆ ಕಂಡು ವೈರಣ್ಣ ಧೈರ್ಯ ಹೇಳಿದರು. "ಏನಾದ್ರೂ ಇದ್ದಿದ್ರೆ ಓಡ್ಬಂದು ಹೇಳ್ತಿದ್ರು. ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತಲೇ. ಹೋಗು, ಟೀ ಕುಡಿ."

ಫೋಲ್ಡರಿನಲ್ಲಿ ಆ ಲ್ಯಾಬಿನ ಈಚಿನ ದಿನಗಳ ಜಾಗ ಮೂರೂ ಸಲ ಕಣ್ಣೆದುರಿಗೇ ಖಾಲಿ ಇತ್ತು. ಅವರ ವರದಿ ಮಾತ್ರವಲ್ಲ, ಯಾರದೂ ಇರಲಿಲ್ಲ. "ಅದು ನನ್ನ ಕಣ್ಣಿಗೆ ಬೀಳ್ಬೇಕಿತ್ತಲ್ವಾ? ನಾನು ಅವಳ ಹೆಸರು ಮಾತ್ರ ಹುಡುಕ್ದೆ. ಬೇರೆಯವರದ್ದು ಇದೆಯಾ ಅಂತ ನೋಡ್ಲೇ ಇಲ್ಲ. ತಮಾಷೆ ಹೊಳೀತು, ಇದು ಹೊಳೀಲಿಲ್ಲ."

ಬಾಗಿಲು ಮುಚ್ಚಿದ ಹದಿನೇಳನೇ ದಿನ ಲ್ಯಾಬಿನವರೊಬ್ಬರು ಬೇರಾವುದೋ ಮಾತಿಗೆ, ಎರಡು ವಾರದ ಹಿಂದೆಯೇ ಎಲ್ಲ ಕಳಿಸಿದೀವಲ್ಲ ಅಂದರು. ವೈರಣ್ಣ ಮೆಟ್ಟಿಲು ಎರಡೆರಡು ಹಾರಿ ಇಳಿದರು. ಗುರುತು ಹಾಕಿ, ಪಾಸ್‌ವರ್ಡ್ ಹೊಸದು ಮಾಡಿ ಕೊಟ್ಟರು. ನಾಲ್ಕೇ ನಿಮಿಷ. ಅರವತ್ತೊಂದು ವರದಿಗಳು ಒಂದರ ಹಿಂದೊಂದು ಬಂದು ಬಿದ್ದವು. ಎಂಟನೆಯದು ಮೈಕಕ್ಕನದು. ಬಾಗಿಲು ಮುಚ್ಚಿದ ಮಾರನೇ ದಿನದ ತಾರೀಖು.

ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಹದಿನೈದು ದಿನ ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿತ್ತೇ? ವೈರಣ್ಣ ಕೇಳಿದಾಗ ಶಸ್ತ್ರಚಿಕಿತ್ಸಕರು ಸುಳ್ಳು ಹೇಳಲಿಲ್ಲ. "ಆಗಲೂ ತೆಗೀಬೇಕಾಗ್ತಿತ್ತೇನೋ. ಆಗ್ದೇನೂ ಇರಬಹುದಿತ್ತು. ನನಗೂ ಗೊತ್ತಿಲ್ಲ" ಅಂದರು.

ಆಡಳಿತ ಮಂಡಳಿ ತನಿಖೆ ಮಾಡಿತು. ಒಂದೂವರೆ ಪುಟದ ವರದಿಯಲ್ಲಿ ತಾಂತ್ರಿಕ ಅಡಚಣೆ ಅಂತ ಬರೆದು ಕೈತೊಳೆದುಕೊಂಡಿತು. ತಾಂತ್ರಿಕ ಅಡಚಣೆಗೆ ಮುಖವಿಲ್ಲ, ಮನೆಯಿಲ್ಲ, ಅದನ್ನು ಯಾರೂ ಹಿಡಿದು ಕೇಳುವಂತಿಲ್ಲ. ಇನ್ನೂರು ಕಂಪ್ಯೂಟರಿಗೆ ಒಬ್ಬನೇ ಆಳನ್ನು ಇಟ್ಟವರ ಹೆಸರೂ ಅದರಲ್ಲಿ ಬರಲಿಲ್ಲ. ವೈರಣ್ಣ ನಿರ್ದೇಶಕರ ಕೋಣೆಗೆ ಹೋಗಿ ತಪ್ಪು ನನ್ನದು ಅಂದರು. "ಸುಮ್ನಿರಪ್ಪ, ಫೈಲು ಮುಚ್ಚಿ ಆಗಿದೆ. ಆ ಪ್ರಿಂಟರು ಮತ್ತೆ ಕೈಕೊಟ್ಟಿದೆ, ಸ್ವಲ್ಪ ನೋಡು" ಅಂದರಂತೆ ಅವರು.

ಪ್ರಿಂಟರು ನೋಡಲಿಲ್ಲ. ನೇರ ವಾರ್ಡಿಗೆ ಹೋದರು. ಕತ್ತಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಮೈಕಕ್ಕನ ಎದುರು ನಿಂತು ಚೌಕದ ವಿಷಯ, ನಲವತ್ತೆರಡು ದಿನದ ವಿಷಯ, ಎಲ್ಲ ಹೇಳಿದರು. ಅವರು ಪೂರ್ತಿ ಕೇಳಿಸಿಕೊಂಡು, ಮಾತಿನ ಬದಲು ಬರೆದು ತೋರಿಸಲು ಇಟ್ಟುಕೊಂಡಿದ್ದ ಹಲಗೆ ತೆಗೆದುಕೊಂಡು ಬರೆದರು: ಮೂರು ಸಲ ಕೇಳಿದ್ದೆ. ಮೂರು ಸಲವೂ ನೀನು ನಗಿಸಿ ಕಳಿಸಿದೆ.

ಅಳಿಸಿ, ಗೋಡೆಯ ಕಡೆಗೆ ತಿರುಗಿ ಮಲಗಿದರು.

ನಾಲ್ಕು ತಿಂಗಳ ಮೇಲೆ ಕೆಲಸಕ್ಕೆ ಮರಳಿದಾಗ ಅವರನ್ನು ದಾಖಲೆ ಕೋಣೆಗೆ ಹಾಕಿದರು. ಅಷ್ಟರಲ್ಲಿ ವೈರಣ್ಣ ಹೊರಗಿನ ಒಂಬತ್ತನ್ನೂ ಬೆಳಿಗ್ಗೆ ಒಬ್ಬರೇ ಸುತ್ತಿ ಬರುತ್ತಿದ್ದರು. ಕಳಿಸಿದವನೇ ಪ್ರತಿ ಸಲ ಒಳಗಿನ ಕಂಪ್ಯೂಟರಿಗೆ ಬಂದು ತಲುಪಿತಾ ಅಂತ ನೋಡಬೇಕು, ಎಲ್ಲ ಸೇರಿ ಎರಡು ಗಂಟೆ ಹಿಡಿಯುತ್ತಿತ್ತು. ಒಂದು ದಿನ ಮೈಕಕ್ಕ ಹಲಗೆ ತಂದು ಅವರ ಮೇಜಿನ ಮೇಲಿಟ್ಟರು: ಬಂತಾ ಇಲ್ಲವಾ ಅಂತ ನಾನು ನೋಡುತ್ತೇನೆ. ನೀನು ನೋಡಬೇಡ.

ಅಂದಿನಿಂದ ಈ ಟಕ್. ಒಂಬತ್ತು ಯಂತ್ರ, ನಾಲ್ಕು ಮಹಡಿ, ನಲವತ್ತು ನಿಮಿಷ, ರಜೆಯಿಲ್ಲ. ಆರು ವರ್ಷದಲ್ಲಿ ಎರಡು ಸಲ ತಟ್ಟಿದ್ದು ಮೂವತ್ತೊಂದು ದಿನ. ಮೂವತ್ತೊಂದು ದಿನವೂ ಹೊರರೋಗಿಗಳ ಬಾಗಿಲು ತೆರೆಯುವುದರೊಳಗೆ ಸರಿಮಾಡಿದ್ದಾರೆ. ಇದಕ್ಕೆ ಯಾರೂ ಹೇಳಿದ್ದಲ್ಲ, ಯಾರೂ ಕೇಳುವುದೂ ಇಲ್ಲ.

ಈಚೆಗೆ ಬಂದ ಎಂಜಿನಿಯರ್ ಹುಡುಗಿ, "ಅಂಕಲ್, ಒಂದು ಪ್ರೋಗ್ರಾಮ್ ಬರೆದ್ರೆ ಅದೇ ನೋಡ್ಕೊಳತ್ತೆ, ನೀವ್ಯಾಕೆ ಮಂಡಿ ಸವೆಸ್ತೀರಿ?" ಅಂದಳು.

"ಬರಿಯಮ್ಮ. ಅದೂ ಇರ್‍ಲಿ, ಇದೂ ಇರ್‍ಲಿ. ಅವತ್ತೂ ಒಂದು ಪ್ರೋಗ್ರಾಮ್ ನೋಡ್ಕೊಳ್ತಾನೇ ಇತ್ತು."

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದಿಂದ ಏಳದೆ ದೂರುತ್ತಾರೆ. "ನಾನು ಹತ್ತು ಮಾತಾಡಿದ್ರೆ ಒಂದಕ್ಕೂ ಹೂಂ ಅನ್ನಲ್ಲ ಈ ಮನುಷ್ಯ. ಅಲ್ಲಿ ಒಂದು ಟಕ್ ಕೇಳಕ್ಕೆ ಕೋಳಿಗಿಂತ ಮುಂಚೆ ಎದ್ದು ಹೋಗ್ತಾರೆ." ಆಮೇಲೆ ನೂಲು ಹಲ್ಲಿನಲ್ಲಿ ಕಚ್ಚಿ, "ಹೋಗ್ಲಿ ಬಿಡಿ. ಹೋಗದೇ ಇದ್ದ ದಿನ ಮನೇಲಿ ಇರಕ್ಕಾಗಲ್ಲ ಅವರ ಜೊತೆ" ಅನ್ನುತ್ತಾರೆ.

ಮೈಕಕ್ಕನ ನಾಲಿಗೆ ಹಲಗೆಗೆ ಇಳಿದಿದೆ, ಹರಿತ ಕಡಿಮೆಯಾಗಿಲ್ಲ. ಈ ಲೇಖನಕ್ಕೆ ಚಿತ್ರ ಕೇಳಿದಾಗ ಸರಸರ ಬರೆದರು: ಅವನ ಚಿತ್ರ ಹಾಕಬೇಡಿ, ಓದುವವರು ಪುಟ ತಿರುಗಿಸುತ್ತಾರೆ. ಗುಮಾಸ್ತರು, ನರ್ಸುಗಳು, ದೊಡ್ಡ ಡಾಕ್ಟರು, ಯಾರನ್ನೂ ಆ ಹಲಗೆ ಬಿಟ್ಟಿಲ್ಲ.

ಅದನ್ನು ತಿಳಿಸಿದರೆ ವೈರಣ್ಣ ನಗುವುದಿಲ್ಲ. "ನಿಮಗೆ ಬರೆದ್ಲು. ನನಗೆ ಬರೆಯಲ್ಲ. ಆರು ವರ್ಷದಲ್ಲಿ ಒಂದು ತಮಾಷೆ, ಒಂದು ಬೈಗುಳ ಇಲ್ಲ. ನನ್ನ ತಮಾಷೆ ಅವಳಿಗೆ ಎಷ್ಟು ದುಬಾರಿ ಬಿತ್ತು ಅಂತ ಅವಳಿಗೆ ಗೊತ್ತಲ್ಲ."

ನಾಲ್ಕನೇ ಮಹಡಿ. ಕಣ್ಣಿನ ವಿಭಾಗ, ಒಂಬತ್ತನೇ ಯಂತ್ರ. ಕಿಟಕಿಯಲ್ಲಿ ಬಿಸಿಲು ಬಂದಿದೆ. ಕೆಳಗೆ ಗೇಟಿನ ಹತ್ತಿರ ಜನ ಆಗಲೇ ಸಾಲು ಕಟ್ಟುತ್ತಿದ್ದಾರೆ. ವೈರಣ್ಣನಿಗೆ ಇನ್ನು ಎಂಟು ತಿಂಗಳು ಸರ್ವೀಸು. ಏನಾಸೆ ಅಂತ ಕೇಳಿದರೆ ಇಂಟರ್‌ಕಾಮಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾರೆ.

"ಕ್ಷಮಿಸು ಅಂತ ಕೇಳಲ್ಲ. ಕೇಳಿದ್ರೆ ಅವಳಿಗೆ ಇನ್ನೊಂದು ಕೆಲಸ ಕೊಟ್ಟ ಹಾಗೆ. ಹೋಗೋದ್ರೊಳಗೆ ಒಂದ್ಸಲ ಬೈಲಿ. ಹಲಗೆ ತುಂಬ ಬರೆದು, ಜಾಗ ಸಾಲ್ದೆ ಹಿಂದೆ ತಿರುಗಿಸಿ ಬರೆದು ಬೈಲಿ."

ಹಾಳೆ ಹಾಕುತ್ತಾರೆ. "ಕಳಿಸ್ದೆ, ನೋಡು. ಕೊನೇದು."

ಟಕ್.

ಈ ಸಲ ರಿಸೀವರನ್ನು ಕಿವಿಯಿಂದ ತೆಗೆಯದೆ ಒಂದಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದಾರೆ. ಆ ಕಡೆ ಫೋನು ಆಗಲೇ ಇಟ್ಟಾಗಿದೆ. ಅವರು ನೋಟ್‌ಬುಕ್ಕು ತೆಗೆದು, ಇವತ್ತಿನ ತಾರೀಖಿನ ಎದುರು ಒಂಬತ್ತನೇ ಗೀಟು ಹಾಕಿ, ಕೆಳಗೆ ಬರೆಯುತ್ತಾರೆ: ಎಲ್ಲ ತಲುಪಿದವು.