ಇಲ್ಲ ಅನ್ನುವ ದೊಡ್ಡಮ್ಮ

ನಮ್ಮ ದೊಡ್ಡಮ್ಮನಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುಖದ ಒಂದು ಗೆರೆ ಅಲುಗುವುದಿಲ್ಲ, ದನಿ ಏರುವುದಿಲ್ಲ. ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರು ಹೆಂಗಸರಿಗೆಂದೇ ಕೋಣೆಗಳನ್ನು ನಡೆಸುತ್ತಾರೆ. ಕೆಲಸ ಹುಡುಕಿಕೊಂಡು ಬಂದವರು, ಮನೆಯ ಹೊಡೆತ ತಾಳಲಾರದೆ ಓಡಿ ಬಂದವರು, ಎಲ್ಲರೂ ಅಲ್ಲೇ. ನಾನು ಕೆಳಗಿನ ಅಂಗಡಿಯಲ್ಲಿ ಕಾಜ ಹೊಲಿಯುತ್ತೇನೆ, ಮೇಲೆ ಮಲಗುತ್ತೇನೆ. ಅಂಗಡಿಯ ಪಕ್ಕದಲ್ಲೇ ಮೆಟ್ಟಿಲಾದ್ದರಿಂದ ಅವರ ಸುಳ್ಳುಗಳೆಲ್ಲ ಮೊದಲು ಬೀಳುವುದು ನನ್ನ ಕಿವಿಗೇ.

ಅವರ ಕ್ರಮ ಹೀಗೆ. ಯಾರೇ ಬಂದು ಯಾವ ಹೆಂಗಸಿನ ಹೆಸರು ಹೇಳಿ ಕೇಳಿದರೂ ದೊಡ್ಡಮ್ಮ "ನೋಡಿ ಬರ್ತೀನಿ" ಅನ್ನುತ್ತಾರೆ. ಕಬ್ಬಿಣದ ಬಾಗಿಲು ಹಾಕಿಕೊಂಡು, ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿ ಆ ಹೆಂಗಸನ್ನೇ ಕೇಳುತ್ತಾರೆ. ಅವಳು ಹೂಂ ಅಂದರೆ ಅವಳೇ ಕೆಳಗಿಳಿದು ಬರಬೇಕು. ಅವಳು ಬೇಡವೆಂದರೂ, ಮನೆಯಲ್ಲೇ ಇಲ್ಲದಿದ್ದರೂ, ದೊಡ್ಡಮ್ಮ ಇಳಿದು ಬಂದು ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಾರೆ. ಗಂಡನಿರಲಿ, ಅಣ್ಣನಿರಲಿ, ಹೆತ್ತವರಿರಲಿ, ಎಲ್ಲರಿಗೂ ಒಂದೇ ಉತ್ತರ.

ದೊಡ್ಡಮ್ಮ ಮೊದಲು ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಮೈ ಸುಟ್ಟುಕೊಂಡು ಬಂದಿದ್ದ ಹೆಂಗಸೊಬ್ಬಳನ್ನು ಕೇಳಿಕೊಂಡು ಅವಳ ಗಂಡ ಹಣ್ಣಿನ ಚೀಲ ಹಿಡಿದು ಬಂದಿದ್ದನಂತೆ. ಎಷ್ಟು ಒಳ್ಳೆಯವನು ಎಂದುಕೊಂಡು ಕೌಂಟರಿನವರು ವಾರ್ಡು ತೋರಿಸಿದರಂತೆ. ಮುಂದಿನದನ್ನು ದೊಡ್ಡಮ್ಮ ನಮಗೆ ಹೇಳಿಲ್ಲ, ನಾವೂ ಕೆದಕಿಲ್ಲ.

ಹೊಸಬಳು ಬಂದರೆ ದೊಡ್ಡಮ್ಮ ಕಥೆ ಕೇಳುವುದಿಲ್ಲ. ಊಟಕ್ಕೆ ಕೂರಿಸುತ್ತಾರೆ, ಹಾಸಿಗೆ ತೋರಿಸುತ್ತಾರೆ. ಕೆಲಸ ಸಿಕ್ಕ ದಿನ ಜೊತೆಗೆ ನಡೆದು, ಹೋಗಲು ಒಂದು ದಾರಿ, ಬರಲು ಇನ್ನೊಂದು ದಾರಿ ತೋರಿಸುತ್ತಾರೆ. ಯಾರಾದರೂ ಹಿಂದೆ ಬಿದ್ದರೆ ಮನೆ ಕಡೆ ಬರಬೇಡ, ಜನ ಇರುವ ಅಂಗಡಿಗೆ ನುಗ್ಗು ಎಂದು ಕಲಿಸುತ್ತಾರೆ. ದಾರಿಯುದ್ದಕ್ಕೂ ಔಷಧಿ ಅಂಗಡಿಯವನಿಗೆ, ಹೂವಿನವಳಿಗೆ ಹುಡುಗಿಯ ಮುಖ ಪರಿಚಯ ಮಾಡಿಸುತ್ತಾರೆ. ಮದುವೆ ಹೆಣ್ಣಿನ ಮೆರವಣಿಗೆ ಹೊರಟಿತು ಎಂದು ನಾನು ಚುಡಾಯಿಸುತ್ತಿದ್ದೆ. ಇರು ಅನ್ನುವುದಾಗಲಿ, ಹೋಗು ಅನ್ನುವುದಾಗಲಿ ಅವರ ಬಾಯಲ್ಲಿ ಬಂದದ್ದಿಲ್ಲ. ಕೇಸು ಹಾಕಬೇಕೆನ್ನುವವರಿಗೆ ಭಾನುವಾರ ಬರುವ ವಕೀಲಮ್ಮ ಇದ್ದಾರೆ.

ಹೀಗಿರುವಾಗ ಬಂದವಳು ಬೇಕರಿ ಹುಡುಗಿ. ಅವಳ ಅಣ್ಣ ಯಾರಿಗೋ ಮದುವೆಯ ಮಾತು ಕೊಟ್ಟು, ಇವಳು ಒಲ್ಲೆನೆಂದಾಗ ಕೋಣೆಯಲ್ಲಿ ಕೂಡಿಹಾಕಿದ್ದ. ಅವನಿಗೆ ಗೊತ್ತಾಗದಂತೆ ಚಿಲಕ ತೆಗೆದು ಬಸ್ಸು ಹತ್ತಿಸಿದ್ದು ಅವರಮ್ಮ. ಊರಿನ ಪಕ್ಕದ ಮನೆಯವರ ಫೋನಿಗೆ ಹುಡುಗಿ ಒಂದೇ ಸಲ ಮಾಡಿ, ಇಂಥ ಬೀದಿ, ಹೊಲಿಗೆ ಅಂಗಡಿ ಮೇಲೆ ಇದ್ದೀನಿ ಎಂದು ಅಮ್ಮನಿಗಷ್ಟೇ ಹೇಳಿದ್ದಳು. ಕೆಲಸದ ಹೊತ್ತಿನಲ್ಲಿ ಬೇಕರಿಯ ಮಾಲೀಕ ಹುಡುಗಿಯರ ಫೋನುಗಳನ್ನೆಲ್ಲ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದ.

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಬಂದು ಬೇಕರಿ ಹುಡುಗಿಯನ್ನು ಕೇಳಿದರು. ಎಡಗೈಯನ್ನು ಹಳೆಯ ಸೀರೆಯ ಚೂರಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದರು. ಹುಡುಗಿ ಕೆಲಸಕ್ಕೆ ಹೋಗಿದ್ದಳು. ದೊಡ್ಡಮ್ಮ ಮೇಲೆ ಹೋಗಿ, ಇಳಿದು ಬಂದು, ಇಲ್ಲ ಅಂದರು. ನಾನು ಅವಳ ತಾಯಿ ಎಂದು ಆಕೆ ಅತ್ತರು, ಕಟ್ಟಿದ ಕೈ ತೋರಿಸಿದರು. ಕಲ್ಲೂ ಕರಗಬೇಕು, ದೊಡ್ಡಮ್ಮ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನೀರು ಕೊಟ್ಟರು. ಆಕೆ ಕುಡಿದು, ಲೋಟ ಮರಳಿಸಿ, ಬಂದ ದಾರಿಯಲ್ಲೇ ಹೋದರು. ತಾಯಂದಿರನ್ನು ಮುಂದೆ ಬಿಟ್ಟು ತಾವು ತಿರುವಿನಲ್ಲಿ ಕಾದ ಗಂಡಸರನ್ನು ನಾವು ನೋಡದವರಲ್ಲ. ಆದರೂ ಆಕೆ ತಿರುವು ದಾಟುವವರೆಗೂ ನಾನು ಸೂಜಿಗೆ ಕೈ ಹಾಕಲಿಲ್ಲ.

ಸಂಜೆ ಹುಡುಗಿ ಬಂದಾಗ ದೊಡ್ಡಮ್ಮ ಎಂದಿನಂತೆ, ಹೀಗೊಬ್ಬರು ಬಂದಿದ್ದರು ಎಂದು ಒಪ್ಪಿಸಿದರು. ಎಡಗೈಯನ್ನು ಕುತ್ತಿಗೆಗೆ ಕಟ್ಟಿಕೊಂಡಿದ್ದರು ಅಂದದ್ದೇ ತಡ, ಹುಡುಗಿ ಮತ್ತೆ ಬಾಗಿಲ ಕಡೆ ತಿರುಗಿದಳು. ಅಣ್ಣ ನನ್ನ ವಿಳಾಸ ಹೇಳೆಂದು ಅಮ್ಮನ ಕೈ ತಿರುಚಿರಬೇಕು ಅಂದಳು.

"ಅಮ್ಮ ಈ ಊರನ್ನ ಯಾವತ್ತೂ ನೋಡಿಲ್ಲ. ಇನ್ನು ಅವನ ಕೈಗೇ ವಾಪಸ್ ಹೋಗ್ತಾಳೆ. ಸಿಕ್ಕಿದ್ರೆ ಕೊಂದೇ ಹಾಕ್ತಾನೆ. ನನ್ನ ಅಮ್ಮನ್ನೂ ಬಾಗಿಲಿಂದ ಕಳಿಸಿಬಿಟ್ರಲ್ಲ."

ದೊಡ್ಡಮ್ಮ ಎದ್ದರು. ಚಪ್ಪಲಿ ಮೆಟ್ಟಿಕೊಂಡರು. ಅವರಿಬ್ಬರೂ ರೈಲು ನಿಲ್ದಾಣದ ಕಡೆ ಓಡಿದರು, ನಾನು ಬಸ್ ನಿಲ್ದಾಣಕ್ಕೆ ಬಂದೆ. ದಾರಿಯುದ್ದಕ್ಕೂ ದೊಡ್ಡಮ್ಮನನ್ನು ಮನಸಾರೆ ಬೈದುಕೊಂಡೆ. ಬೈದು ಮುಗಿದ ಮೇಲೆ, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ, ಏನೂ ಹೊಳೆಯಲಿಲ್ಲ.

ಆಕೆ ನಲ್ಲಿಯ ಪಕ್ಕದ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಹತ್ತಿರ ಹೋಗಿ ಮಗಳ ಹೆಸರು ಹೇಳಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನಗೆ ಮಗಳೇ ಇಲ್ಲಮ್ಮ. ಒಬ್ಬನೇ ಮಗ."

ಮಗ ಕಳಿಸಿದವಳೆಂದು ನನ್ನನ್ನು ತಿಳಿದಿದ್ದರು. ದೊಡ್ಡಮ್ಮನಿಗೆ ಫೋನು ಮಾಡಿ ಪಕ್ಕದಲ್ಲೇ ಕೂತೆ. ಅಷ್ಟರಲ್ಲಿ ಅವರ ಊರಿನ ಬಸ್ಸು ಬಂತು. ಆಕೆ ಎದ್ದರು, ನಾನು ಅವರ ಚೀಲ ಹಿಡಿದುಕೊಂಡೆ. ಒಂದೇ ಕೈಯಲ್ಲಿ ಎಂಥ ಶಕ್ತಿ! ಚೀಲ ಹರಿದರೂ ಬಿಡುವವರಲ್ಲ. ಕಳ್ಳಿ ಎಂದು ಜನ ಸೇರಿ ನನಗೆ ಧರ್ಮದೇಟು ಬೀಳುವುದರಲ್ಲಿತ್ತು, ಆಗ ಹುಡುಗಿ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು.

ದೊಡ್ಡಮ್ಮ ಏದುಸಿರು ಬಿಡುತ್ತಾ ಹಿಂದೆ ಬಂದು ಕೈಮುಗಿದು, ತಪ್ಪಾಯಿತು ತಾಯಿ ಅಂದರು. ಆಕೆ ತಲೆಯಾಡಿಸಿದರು.

"ತಪ್ಪೇನು ಬಂತು. ಅಷ್ಟು ಅತ್ರೂ ನೀವು ನನಗೇ ಹೇಳಲಿಲ್ಲ. ಇನ್ನು ಅವನಿಗೆ ಹೇಳ್ತೀರಾ? ಇವಳು ಫೋನಲ್ಲಿ ಹೇಳಿದ ಜಾಗದಲ್ಲೇ, ಇಷ್ಟು ಕಾಯೋರ ಹತ್ರ ಇದ್ದಾಳೆ, ನೆಮ್ಮದಿಯಾಗಿದ್ದಾಳೆ ಅಂತ ಗೊತ್ತಾಯ್ತು. ಆ ಧೈರ್ಯದ ಮೇಲೇ ಹೊರಟಿದ್ದೆ."

ಕಂಡಕ್ಟರ್ ಕೂಗಿದ. ಆಕೆ ಮಗಳ ಕೈ ಬಿಡಿಸಿಕೊಂಡು, ನಾನು ಹೋಗದಿದ್ದರೆ ಅವನು ಹುಡುಕಿಕೊಂಡು ಬರುತ್ತಾನೆ ಅಂದರು. ಹುಡುಗಿ ದೊಡ್ಡಮ್ಮನ ಮುಖ ನೋಡಿದಳು, ನಾನೂ ನೋಡಿದೆ. ಇರಿ ಅನ್ನುತ್ತಾರೇನೋ ಎಂಬ ಆಸೆ. ಅವರು ಹಾಗನ್ನಲಿಲ್ಲ. ಈ ಕೈಯನ್ನು ಯಾರಿಗಾದರೂ ತೋರಿಸಿದ್ದೀರಾ ಎಂದು ಕೇಳಿದರು. ಆಕೆ ಇಲ್ಲ ಅಂದರು.

"ಮೊದಲು ಡಾಕ್ಟರಿಗೆ ತೋರಿಸೋಣ. ಬಸ್ಸು ನಾಳೆನೂ ಇರತ್ತೆ, ನಾಡಿದ್ದೂ ಇರತ್ತೆ. ಹತ್ತೋದು ಬಿಡೋದು ನಿಮಗೆ ಬಿಟ್ಟದ್ದು."

ಆ ಬಸ್ಸು ಹೋಯಿತು. ಮೂಳೆ ಮುರಿದಿತ್ತು. ಕೈಗೆ ಪಟ್ಟಿ ಹಾಕಿದ ಡಾಕ್ಟರಿಗೆ ಆಕೆ ಜಾರಿ ಬಿದ್ದೆ ಅಂದರು. ಭಾನುವಾರ ವಕೀಲಮ್ಮನ ಮುಂದೆ ಕೂತಾಗಲೂ ಮಗನ ಹೆಸರು ಬಾಯಿಂದ ಹೊರಡಲಿಲ್ಲ. ವಕೀಲಮ್ಮ ಒತ್ತಾಯ ಮಾಡಲಿಲ್ಲ, ಹೇಳಬೇಕೆನ್ನಿಸಿದಾಗ ಹೇಳಿ ಅಂದರು. ನಾಳೆ ಹೊರಡುತ್ತೇನೆ ಎಂದು ಆಕೆ ದಿನವೂ ಅನ್ನುತ್ತಿದ್ದರು. ದೊಡ್ಡಮ್ಮ ದಿನವೂ ಆಗಲಿ ಅನ್ನುತ್ತಿದ್ದರು.

ಕೊನೆಗೆ ಅವನೇ ಬಂದ. ಹೆಂಗಸರು ಉಳಿಯುವ ಜಾಗಗಳನ್ನೆಲ್ಲ ಒಂದೊಂದಾಗಿ ವಿಚಾರಿಸುತ್ತಾ ಬಂದಿದ್ದನಂತೆ. ನಾನು ಊಟಕ್ಕೆಂದು ಮೇಲೆ ಬಂದಿದ್ದೆ, ಹುಡುಗಿ ಬೇಕರಿಯಲ್ಲಿದ್ದಳು. ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದು, ನಿಮ್ಮ ಮಗ ಬಂದಿದ್ದಾನೆ, ನಿಮ್ಮಿಬ್ಬರನ್ನೂ ಕೇಳುತ್ತಿದ್ದಾನೆ ಎಂದು ಮೆಲ್ಲಗೆ ಹೇಳಿದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆಕೆ ಹೂಂ ಅಂದರೆ ಮುಗಿಯಿತು, ತಾಯಿಯೂ ಹೋದರು, ಮಗಳೂ ಸಿಕ್ಕಿಬಿದ್ದಳು.

ಆಕೆ ಎದ್ದರು. ಬೀದಿಯ ಕಡೆಯ ಕಿಟಕಿಗೆ ಹೋಗಲು ಹೊರಟವರು ನಡುವೆಯೇ ನಿಂತರು.

"ಇಲ್ಲ ಅನ್ನಿ" ಅಂದರು.

ದೊಡ್ಡಮ್ಮ ಬಾಗಿಲು ದಾಟುತ್ತಿದ್ದಂತೆ ಆಕೆ ಹಿಂದಿನಿಂದ ಕರೆದರು. ದನಿ ಇದ್ದೂ ಇಲ್ಲದಂತಿತ್ತು.

"ಊಟ ಮಾಡಿದಾನಾ ಅಂತ ಕೇಳ್ತೀರಾ?"

"ಅದನ್ನ ಕೇಳೋಕಾಗಲ್ಲಮ್ಮ."

"ಹೌದಲ್ವಾ. ಕೇಳ್ಬೇಡಿ."

ದೊಡ್ಡಮ್ಮ ಇಳಿದು ಹೋದರು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲಪ್ಪ ಅನ್ನುವುದು ಮೇಲಕ್ಕೆ ಕೇಳಿಸಿತು. ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಗನ ಹೆಜ್ಜೆಯ ಸದ್ದು ಬೀದಿಯಲ್ಲಿ ಅಡಗುವವರೆಗೂ ಬಾಗಿಲ ಹಿಂದೆಯೇ ನಿಂತಿದ್ದರು.