ವೀಸಾ ಮುಗಿದ ಬಾಣಂತಿ

ನನ್ನದು ಬಾಯಿ ಜೋರು. ಗಿರಿನಗರದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಕರೆಯದೆಯೇ ಹೋಗಿ ಬುದ್ಧಿ ಹೇಳಿ ಬರುವವಳು ನಾನು. ಇನ್ನು ನನ್ನ ಮಹಡಿ ಮನೆಯಲ್ಲೇ ಒಬ್ಬಳು ಹೆತ್ತರೆ ಸುಮ್ಮನಿರುತ್ತೇನೆಯೇ?

ಅವರು ಕೀನ್ಯಾದ ಗಂಡ ಹೆಂಡತಿ. ಗಂಡನ ತಂಗಿ ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದು ಓದುತ್ತಿದ್ದಳು. ಅವಳನ್ನು ನೋಡಲು ಪ್ರವಾಸಿ ವೀಸಾದಲ್ಲಿ ಬಂದವರು ಎರಡು ತಿಂಗಳಿಗೆಂದು ನಮ್ಮ ಮಹಡಿ ಹಿಡಿದಿದ್ದರು. ದಿನ ತುಂಬುವ ಮೊದಲೇ ಇಲ್ಲೇ ಹೆರಿಗೆಯಾಯಿತು. ಹೆಣ್ಣುಮಗು. ಮಗುವಿನ ಹೃದಯದಲ್ಲಿ ಸಣ್ಣ ತೂತಿದೆ, ಈಗ ಭಯವಿಲ್ಲ, ವರ್ಷ ತುಂಬುವ ಹೊತ್ತಿಗೆ ಕರೆದುಕೊಂಡು ಬನ್ನಿ, ಮುಚ್ಚೋಣ ಎಂದರು ಜಯನಗರದ ಡಾಕ್ಟರು. ತಿಂಗಳು ಕಳೆದ ಮೇಲೆ ವಿಮಾನ ಹತ್ತಬಹುದು ಎಂದೂ ಹೇಳಿದರು.

ತಿಂಗಳಿಗೇ? ಹಸಿ ಬಾಣಂತಿ! ನಾನು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಮೆಣಸಿನ ಸಾರು ಅನ್ನ ಬಡಿಸಿ ಅವಳನ್ನು ಮೂರು ತಿಂಗಳು ಹೊಸಿಲು ದಾಟದಂತೆ ನೋಡಿಕೊಳ್ಳುವುದೆಂದು ತೀರ್ಮಾನಿಸಿಬಿಟ್ಟೆ. ಅವಳೂ ನಕ್ಕು ಒಪ್ಪಿದಳು. ಗಂಡನಿಗೆ ಮಾತ್ರ ಕಳವಳ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ: "ಆಂಟಿ, ವೀಸಾ ಮುಗಿಯೋಕೆ ಮುಂಚೆ ಆಸ್ಪತ್ರೆ ಕಾಗದ ಇಟ್ಟು ಅರ್ಜಿ ಹಾಕಿದ್ರೆ ದಿನ ಮುಂದಕ್ಕೆ ಹಾಕ್ತಾರಂತೆ. ಹಾಕ್ಲಾ?"

"ಯಾಕಪ್ಪಾ ಸುಮ್ನೆ ಆಫೀಸು ಅಲೆಯೋದು? ನಮ್ಮ ಬಾಡಿಗೆ ಕರಾರು ನೋಡು, ಹನ್ನೊಂದು ತಿಂಗಳಿಗೆ ಮುಗಿಯುತ್ತೆ. ಹಿಂದಿನವರು ಆರು ವರ್ಷ ಇದ್ರು. ಯಾರು ಕೇಳಿದ್ರು?"

ಮನೆ ಬಾಡಿಗೆಗೆ ಕೊಟ್ಟೇ ಬದುಕಿದವಳು ನಾನು. ಕರಾರು ಮುಗಿದರೂ ಮಾತಿನ ಮೇಲೆ ನಡೆದುಕೊಂಡು ಹೋಗುವುದನ್ನಷ್ಟೇ ಕಂಡಿದ್ದೆ. ದೇಶವನ್ನೂ ಹಾಗೇ ಅಂದುಕೊಂಡೆ.

ವೀಸಾ ಮುಗಿದು ನಲವತ್ತು ದಿನವಾದ ಮೇಲೆ ಅವನು ಪಾಸ್‌ಪೋರ್ಟುಗಳನ್ನು ಹಿಡಿದು ಕೆಳಗೆ ಬಂದ. ತಂಗಿಯ ಕಾಲೇಜಿನಲ್ಲಿ ವಿಚಾರಿಸಿದ್ದನಂತೆ. ಹಾಗೇ ವಿಮಾನ ನಿಲ್ದಾಣಕ್ಕೆ ಹೋದರೆ ತಡೆಯುತ್ತಾರೆ. ಹಳೇ ತಾರೀಖಿನ ಸುಳ್ಳು ಕಾಗದ ಮಾಡಿಸಿಕೊಡುತ್ತೇನೆಂದು ಒಬ್ಬ ದಲ್ಲಾಳಿ ಗಂಟುಬಿದ್ದಿದ್ದಾನೆ, ಅದು ಜೈಲಿನ ದಾರಿ. ಉಳಿದದ್ದು ಒಂದೇ: ವಿದೇಶಿಯರ ನೋಂದಣಿ ಕಚೇರಿಯಲ್ಲಿ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ದೇಶ ಬಿಡಲು ಅನುಮತಿ ಕೇಳುವುದು. ಬೇಕೆಂದೇ ಉಳಿದರು ಎಂದು ಅವರಿಗೆ ಅನ್ನಿಸಿದರೆ ಮತ್ತೆ ಈ ದೇಶಕ್ಕೆ ಕಾಲಿಡಲು ಬಿಡುವುದಿಲ್ಲ. ಆಗ ಮಗುವಿನ ಎದೆಯ ಗತಿ?

"ಅರ್ಜಿ ಜೊತೆ ನೀವು ತುಂಬಿದ ಸಿ ಫಾರಂ ಬೇಕು ಆಂಟಿ," ಎಂದ.

ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡವರು ಒಂದು ದಿನದೊಳಗೆ ಆ ಫಾರಂ ತುಂಬಿ ಸರ್ಕಾರಕ್ಕೆ ತಿಳಿಸಬೇಕು. ನಾನು ತುಂಬಿರಲಿಲ್ಲ. ಪೊಲೀಸರು ನಮ್ಮ ಗೇಟಿನ ಮುಂದೆ ನಿಂತಂತೆ, ಇಡೀ ಬೀದಿ ನೋಡಿದಂತೆ ಕಣ್ಣಿಗೆ ಕಟ್ಟಿತು. "ತಂಗಿ ಜೊತೆ ಇದ್ದೆ ಅಂತ ಬರಿ. ನಮ್ಮನೆ ವಿಳಾಸ ಬೇಡ," ಎಂದೆ. ಅವನು "ಆಯ್ತು ಆಂಟಿ," ಎಂದ. ಅವನು ಜಗಳವಾಡಿದ್ದರೆ ಚೆನ್ನಾಗಿತ್ತು.

ಕಚೇರಿಯಿಂದ ಕರೆ ಬಂದಾಗ ಮಗುವನ್ನು ಎತ್ತಿಕೊಳ್ಳುವ ನೆಪದಲ್ಲಿ ನಾನೂ ಹೋದೆ. ಅಧಿಕಾರಿ ಅರ್ಜಿ ಓದಿ, ಕನ್ನಡಕ ತೆಗೆದು, ನನ್ನ ಕಡೆ ತಿರುಗಿದರು.

"ಏನಮ್ಮಾ, ಇದು ಲೇಡೀಸ್ ಪಿಜಿ ವಿಳಾಸ. ಲೇಡೀಸ್ ಪಿಜಿಲಿ ಗಂಡ, ಬಾಣಂತಿ, ಕೂಸು ಎಲ್ಲಾ ಇದ್ರಾ?"

ಅವನು ತಲೆ ತಗ್ಗಿಸಿದ. ನನ್ನ ಹೆಸರು ಹೇಳಲಿಲ್ಲ. ಅಧಿಕಾರಿ ಕಡತದಲ್ಲಿ ಏನೋ ಬರೆದುಕೊಂಡು ಮುಚ್ಚಿದರು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಮ್ಮನೇಲಿದ್ರು ಸಾರ್. ನಾನೇ ಹಿಡಿದಿಟ್ಕೊಂಡಿದ್ದು. ಅರ್ಜಿ ಬೇಡ ಅಂದೋಳೂ ನಾನೇ, ಫಾರಂ ತುಂಬದೋಳೂ ನಾನೇ, ಈ ವಿಳಾಸ ಬರೆಸಿದ್ದೂ ನಾನೇ. ಕರಾರಿನ ಥರ ನಡೆಯುತ್ತೆ ಅಂದ್ಕೊಂಡೆ."

"ಇಂಡಿಯಾ ಏನು ನಿಮ್ಮ ಮಹಡಿ ಮನೆನಾ?" ಎಂದು ಗದರಿದರು. ಎಲ್ಲವನ್ನೂ ಬರೆಸಿ ನನ್ನಿಂದ ಸಹಿ ಹಾಕಿಸಿಕೊಂಡರು. ನನಗೆ ನೋಟಿಸು ಬಂತು, ದಂಡವೂ ಬಿತ್ತು. ಎರಡು ವಾರಕ್ಕೆ ಗಂಡ ಹೆಂಡತಿಗೆ ದೇಶ ಬಿಡುವ ಅನುಮತಿಯೂ ಸಿಕ್ಕಿತು. ಹೊರಡುವ ದಿನ ಆ ಕಾಗದ ತರಲು ಹೋಗಿ ಅಧಿಕಾರಿಯನ್ನು ಕೇಳಿದೆ, ಮಗುವನ್ನು ಮತ್ತೆ ಕರೆತರಲು ವೀಸಾ ಸಿಗುತ್ತದೆಯೇ ಎಂದು. "ಹೆರಿಗೆ ಆಗಿ ಉಳ್ಕೊಂಡಿದ್ದು ಯಾರಿಗಾದ್ರೂ ಅರ್ಥ ಆಗುತ್ತಮ್ಮ. ಸುಳ್ಳು ವಿಳಾಸ ಕೊಟ್ಟಿದ್ದು ಕಡತದಲ್ಲಿದೆ. ಅದನ್ನ ನಾನು ಅಳಿಸೋಕಾಗಲ್ಲ," ಎಂದರು.

ಬರುವ ತಿಂಗಳು ಕೂಸಿಗೆ ವರ್ಷ ತುಂಬುತ್ತದೆ. ಚಿಕಿತ್ಸೆಗೆಂದು ಕೇಳಿದ ವೀಸಾ ಇನ್ನೂ ಬಂದಿಲ್ಲ. ಮೊನ್ನೆ ಅವನ ಮೆಸೇಜು ಬಂತು: ಹಿಂದೆ ತಪ್ಪು ವಿಳಾಸ ಕೊಟ್ಟದ್ದೇಕೆ ಎಂದು ವಿವರಣೆ ಕೇಳಿದ್ದಾರೆ, ಏನು ಬರೆಯಲಿ?

ಇದ್ದದ್ದನ್ನು ಇದ್ದ ಹಾಗೇ ಬರಿ, ನನ್ನ ಹೆಸರು ಹಾಕು, ನನ್ನ ಮಾತು ಕೇಳಿ ಸುಳ್ಳು ಬರೆದೆ ಅನ್ನು ಎಂದೆ. ಅವನಿಂದ ಬಂದದ್ದು ಒಂದೇ ಸಾಲು.

"ಆಗಲೂ ನೀವು ಹೇಳಿದ್ದನ್ನೇ ಬರೆದೆ ಆಂಟಿ. ಈಗಲೂ ಬರೀತೀನಿ."